ಗೇಲ್ ಪಟ್ಟಣದ ಗೃಹಧರ್ಮ

ರಕ್ತಸಂಬಂಧವಿಲ್ಲದವರ ನಡುವೆ ಬೆಳೆದು ನಿಲ್ಲುವ ವಿಶ್ವಾಸಕ್ಕೆ ಕನ್ನಡ ನಾಡಿನ ಹಿರಿಯರು ಋಣಾನುಬಂಧವೆಂದು ಹೆಸರಿಟ್ಟರು. ಎಲ್ಲಿಯೋ ಹುಟ್ಟಿದವನೊಬ್ಬನು ಎಲ್ಲಿಗೋ ಬಂದು, ಯಾರದೋ ಮನೆಯ ಅನ್ನವನ್ನುಂಡು, ಕಾಲಕ್ರಮದಲ್ಲಿ ಆ ಮನೆಯವರಲ್ಲಿಯೇ ಒಬ್ಬನಾಗಿ ಹೋಗುವುದನ್ನು ಕಂಡಾಗ, ಅದಕ್ಕೆ ಈ ಜನ್ಮದಲ್ಲಿ ಕಾರಣವನ್ನು ಕಾಣದೆ ಅವರು ಹಿಂದಿನ ಜನ್ಮದ ಋಣವನ್ನು ಊಹಿಸಿದರು. ಇಂತಹ ಬಾಂಧವ್ಯಗಳು ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಕಾಣಸಿಗುವುದು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಇಡಿಯ ಊರೊಂದು ಇಂತಹ ಋಣವನ್ನು ತಾನಾಗಿ ಹೊತ್ತು, ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಅದನ್ನು ಒಪ್ಪಿಸುತ್ತ, ಐದು ನೂರು ವರ್ಷಗಳಿಗಿಂತ ಹೆಚ್ಚು ಕಾಲ ನಡೆಯಿಸಿಕೊಂಡು ಬಂದುದು ಚರಿತ್ರೆಯಲ್ಲಿ ಅತಿ ವಿರಳವಾದ ಸಂಗತಿ. ಆ ಊರು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪ್ರಾಂತಕ್ಕೆ ಸೇರಿದ ಗೇಲ್ ಪಟ್ಟಣ. ಅಲ್ಲಿಯ ಒಕ್ಕಲು ಮಕ್ಕಳು ತಮ್ಮ ಮನೆಯೊಳಕ್ಕೆ ಕರೆದುಕೊಂಡವರಾದರೋ, ಉಳಿದ ಲೋಕವು ಹುಚ್ಚರೆಂದು ಹೊರಕ್ಕೆ ಅಟ್ಟಿದವರು.

ಗೇಲ್ ಇರುವ ಕೆಂಪನ್ ಸೀಮೆಯು ಮರಳು ಮಿಶ್ರವಾದ ಬಡ ನೆಲದ ಬಯಲುಸೀಮೆ. ದೊಡ್ಡ ನಗರಗಳ ವೈಭವವಾಗಲಿ ವ್ಯಾಪಾರವಾಗಲಿ ಹಿಂದಿನ ಕಾಲದಲ್ಲಿ ಅಲ್ಲಿಗೆ ತಲಪಿರಲಿಲ್ಲ. ಆ ಊರಿಗೆ ಹೆಸರು ಬಂದುದು ಡಿಂಫ್ನಾ ಎಂಬ ಸಾಧ್ವಿಯ ಕಥೆಯಿಂದ. ಏಳನೆಯ ಶತಮಾನದಲ್ಲಿ ಐರ್ಲೆಂಡಿನ ಅರಸನೊಬ್ಬನು ಪತ್ನೀವಿಯೋಗದಿಂದ ಬುದ್ಧಿ ಕೆಟ್ಟು, ತಾಯಿಯ ಹೋಲಿಕೆಯಿದ್ದ ತನ್ನ ಸ್ವಂತ ಮಗಳನ್ನೇ ವರಿಸಲು ಹವಣಿಸಿದನೆಂದೂ, ಅವಳು ತನ್ನ ಗುರುವಿನೊಡನೆ ಸಮುದ್ರವನ್ನು ದಾಟಿ ಗೇಲ್‌ನಲ್ಲಿ ಅಡಗಿಕೊಂಡಳೆಂದೂ, ತಂದೆಯು ಬೆನ್ನಟ್ಟಿ ಬಂದು ಅವಳ ಶಿರಚ್ಛೇದ ಮಾಡಿದನೆಂದೂ ಐತಿಹ್ಯವು ಹೇಳುತ್ತದೆ. ಈ ಚರಿತವನ್ನು ಬರೆಹಕ್ಕೆ ಇಳಿಸಿದವನು ಹದಿಮೂರನೆಯ ಶತಮಾನದ ಒಬ್ಬ ಪಾದ್ರಿ. ಘಟನೆ ನಡೆಯಿತೆನ್ನುವ ಕಾಲಕ್ಕೂ ಬರೆಹದ ಕಾಲಕ್ಕೂ ಆರು ನೂರು ವರ್ಷಗಳ ಅಂತರವಿರುವುದರಿಂದ, ಇತಿಹಾಸಕಾರರು ಅದನ್ನು ಪುರಾಣವೆಂದೇ ಎಣಿಸುತ್ತಾರೆ. ಆದರೂ ಪುರಾಣದಿಂದ ಹುಟ್ಟಿದ ಆಚಾರವು ಪುರಾಣವಲ್ಲ. ಉನ್ಮಾದದ ಕೈಗೆ ಸಿಕ್ಕಿ ಮಡಿದ ಆ ಕನ್ನಿಕೆಯೇ ಉನ್ಮಾದವನ್ನು ಬಿಡಿಸಬಲ್ಲಳೆಂಬ ನಂಬಿಕೆಯು ಜನರಲ್ಲಿ ಬೇರೂರಿತು. ಚಿತ್ತ ಕೆಟ್ಟವರನ್ನು ಅವರ ಬಂಧುಗಳು ದೂರದೂರದಿಂದ ಅವಳ ಸನ್ನಿಧಿಗೆ ಕರೆತರತೊಡಗಿದರು.

೧೩೪೯ರಲ್ಲಿ ಅಲ್ಲಿ ಡಿಂಫ್ನೆಯ ಹೆಸರಿನ ದೇವಾಲಯದ ಕಟ್ಟಡವು ಆರಂಭವಾಯಿತು. ರೋಗಿಯು ಒಂಬತ್ತು ದಿನಗಳ ಸೇವೆಯನ್ನು ಸಲ್ಲಿಸಬೇಕು. ಸಾಧ್ವಿಯ ಸಮಾಧಿಯ ಅಡಿಯಲ್ಲಿ ತೆವಳಿಕೊಂಡು ಹೋಗಬೇಕು. ಇದು ಅಲ್ಲಿಯ ಪದ್ಧತಿ. ಈ ಒಂಬತ್ತು ದಿನಗಳ ವಾಸಕ್ಕಾಗಿ ೧೪೮೦ರಲ್ಲಿ ದೇವಾಲಯಕ್ಕೆ ಹೊಂದಿಸಿ ರೋಗಿಗಳ ವಸತಿಯೊಂದನ್ನು ಕಟ್ಟಿಸಿದರು. ಯಾತ್ರಿಕರು ಹೆಚ್ಚಿದಂತೆಲ್ಲ ಆ ವಸತಿಯಲ್ಲಿ ಸ್ಥಳ ಸಾಲದಾಯಿತು. ಸರದಿಗಾಗಿ ಕಾದವರು ಕೆಲವರು. ಒಂಬತ್ತು ದಿನಗಳಾದರೂ ಗುಣ ಕಾಣದೆ ಇನ್ನೊಂದು ಸೇವೆಗೆ ನಿಂತವರು ಹಲವರು. ಕರೆದುಕೊಂಡು ಹೋಗಲು ಬಂಧುಗಳು ಮರಳಿ ಬಾರದೆ ಹೋದವರೂ ಉಂಟು. ಇವರನ್ನೆಲ್ಲ ದೇವಾಲಯದ ಪುರೋಹಿತರು ಊರಿನ ಒಕ್ಕಲುಗಳ ಮನೆಗಳಲ್ಲಿ ಇರಿಸತೊಡಗಿದರು. ದಿನಗಳೆಂದು ಬಂದವರು ತಿಂಗಳು ನಿಂತರು. ತಿಂಗಳು ನಿಂತವರು ವರ್ಷಗಟ್ಟಲೆ ಉಳಿದರು. ದೇವರು ಮಾಡಬೇಕಾಗಿದ್ದ ಪವಾಡಕ್ಕಾಗಿ ಕಾಯುತ್ತಿದ್ದ ಕಾಲದಲ್ಲಿ ಅಡಿಗೆಯ ಮನೆಯಲ್ಲಿ ಮೆಲ್ಲಮೆಲ್ಲನೆ ಬೇರೊಂದು ಕೆಲಸ ನಡೆದಿದ್ದಿತು.

ಇದನ್ನು ಕೇವಲ ಕರುಣೆಯ ಕಥೆಯೆಂದು ತಿಳಿಯಲಾಗದು. ರೋಗಿಯ ಬಂಧುಗಳೋ ಅವನ ಊರಿನವರೋ ಅವನ ಅನ್ನಕ್ಕೆಂದು ಹಣವನ್ನು ಕೊಡುತ್ತಿದ್ದರು. ಬಡ ನೆಲದ ರೈತನಿಗೆ ಆ ಹಣವೂ ಬೇಕಾಗಿತ್ತು, ಹೊಲದಲ್ಲಿ ದುಡಿಯುವ ಎರಡು ಕೈಗಳೂ ಬೇಕಾಗಿದ್ದವು. ರೋಗಿಯಿಂದ ಯಾರಿಗಾದರೂ ಕೇಡಾದರೆ ಅದರ ಹೊಣೆಯು ಅವನನ್ನು ಇಟ್ಟುಕೊಂಡ ಮನೆಯವರದಾಗಿದ್ದ ಕಾರಣ, ಉಗ್ರರಾದವರ ಕೈಕಾಲುಗಳಿಗೆ ಕಟ್ಟು ಹಾಕುವುದೂ ನಡೆಯುತ್ತಿತ್ತು. ಪಿನೆಲ್‌ನ ಶಿಷ್ಯನೂ ಆ ಕಾಲದ ಮನೋವೈದ್ಯರಲ್ಲಿ ಅಗ್ರಗಣ್ಯನೂ ಆದ ಫ್ರಾನ್ಸಿನ ಎಸ್ಕಿರೋಲನು ೧೮೨೧ರಲ್ಲಿ ಗೇಲ್‌ಗೆ ಬಂದಾಗ, ಬೀದಿಗಳಲ್ಲಿ ನಿರಾತಂಕವಾಗಿ ತಿರುಗಾಡುತ್ತಿದ್ದ ನೂರಾರು ರೋಗಿಗಳನ್ನು ಕಂಡಂತೆಯೇ, ಕೆಲವರ ಕಾಲುಗಳಲ್ಲಿ ಕಬ್ಬಿಣದ ಕೋಳವನ್ನೂ ಅದರಿಂದಾದ ಗಾಯಗಳನ್ನೂ ಕಂಡನು. ಆದಕಾರಣ ಗೇಲ್‌ನವರನ್ನು ದೇವತೆಗಳೆಂದು ಹೊಗಳುವುದು ಯುಕ್ತವಲ್ಲ. ಅವರೂ ಸಾಮಾನ್ಯ ಮನುಷ್ಯರೇ. ಲಾಭನಷ್ಟಗಳ ಲೆಕ್ಕ ಬಲ್ಲವರೇ. ಸಾಮಾನ್ಯ ಮನುಷ್ಯರು ಒಂದೇ ಸೂರಿನಡಿಯಲ್ಲಿ ಬಹುಕಾಲ ಬಾಳಿದುದರಿಂದ ಏನಾಯಿತೆಂಬುದೇ ಈ ಚರಿತ್ರೆಯ ಸಾರ.

ದೇವಾಲಯದ ಆಶ್ರಯದಲ್ಲಿ ಹುಟ್ಟಿದ ಈ ಪದ್ಧತಿಯು ದೇವಾಲಯವು ಮುಚ್ಚಿದಾಗಲೂ ನಿಲ್ಲಲಿಲ್ಲವೆಂಬುದು ಗಮನಾರ್ಹವಾದುದು. ಫ್ರೆಂಚ್ ಕ್ರಾಂತಿಯ ಸೈನ್ಯವು ಆ ನಾಡನ್ನು ಆಕ್ರಮಿಸಿದ ಮೇಲೆ ೧೭೯೭ರಲ್ಲಿ ಡಿಂಫ್ನೆಯ ದೇವಾಲಯದ ಬಾಗಿಲಿಗೆ ಬೀಗ ಬಿದ್ದಿತು; ಒಂಬತ್ತು ದಿನಗಳ ಸೇವೆಯು ನಿಂತಿತು; ಆದರೆ ಮನೆಗಳ ಬಾಗಿಲುಗಳು ತೆರೆದೇ ಇದ್ದವು. ೧೮೦೩ರಲ್ಲಿ ಬ್ರಸೆಲ್ಸ್ ಸೀಮೆಯ ಆಡಳಿತಾಧಿಕಾರಿಯಾಗಿದ್ದ ಪೊಂತೆಕೂಲಾನನು, ಆ ನಗರದಲ್ಲಿ ದುಸ್ಥಿತಿಯಲ್ಲಿದ್ದ ಚಿತ್ತರೋಗಿಗಳನ್ನು ಗೇಲ್‌ಗೆ ಸಾಗಿಸಿದನು. ಹರಕೆ ಹೊತ್ತು ಬರುತ್ತಿದ್ದವರ ಸ್ಥಾನದಲ್ಲಿ ಈಗ ಸರಕಾರದ ಅಪ್ಪಣೆಯಿಂದ ಬರುವವರು ಬಂದರು. ಬೆಲ್ಜಿಯಂ ಸ್ವತಂತ್ರವಾದ ಬಳಿಕ, ೧೮೫೦ರ ಕಾಯಿದೆಯ ತರುವಾಯ, ಗೇಲ್‌ನ ವ್ಯವಸ್ಥೆಯು ಸರಕಾರದ ಮೇಲ್ವಿಚಾರಣೆಗೆ ಒಳಪಟ್ಟಿತು. ಅಲ್ಲಿಯ ಮೊದಲ ವೈದ್ಯಾಧಿಕಾರಿ ಪಾರಿಗೋ ಎಂಬುವನು ೧೮೫೨ರಲ್ಲಿ ಬರೆದ ಗ್ರಂಥದ ಶೀರ್ಷಿಕೆಯಲ್ಲಿಯೇ, ಬಯಲ ಗಾಳಿ ಮತ್ತು ಕುಟುಂಬ ಜೀವನ, ಇವೆರಡೂ ಔಷಧಗಳೆಂಬ ಅಭಿಪ್ರಾಯವನ್ನು ಸೂಚಿಸಿದನು. ೧೮೬೨ರಲ್ಲಿ ಒಂದು ಆಸ್ಪತ್ರೆಯು ಏರ್ಪಟ್ಟಿತು. ಹೊಸದಾಗಿ ಬಂದವನನ್ನು ಕೆಲಕಾಲ ಅಲ್ಲಿರಿಸಿ ಪರೀಕ್ಷಿಸಿ, ಅವನ ಸ್ವಭಾವಕ್ಕೆ ತಕ್ಕ ಮನೆಯನ್ನು ಗೊತ್ತುಮಾಡುವುದೂ, ಮನೆಗೆ ಹೋದ ಮೇಲೆ ಆಗಾಗ್ಗೆ ಹೋಗಿ ವಿಚಾರಿಸುವುದೂ, ರೋಗ ಉಲ್ಬಣಿಸಿದರೆ ಮರಳಿ ಕರೆತಂದು ಆರೈಕೆ ಮಾಡುವುದೂ ಅದರ ಕಾರ್ಯವಾಯಿತು. ಕೋಳಗಳು ಕ್ರಮೇಣ ಕಣ್ಮರೆಯಾದವು.

ವಿದ್ವಾಂಸರಲ್ಲಿ ಏಕಾಭಿಪ್ರಾಯವಿರಲಿಲ್ಲ. ಗೆಂಟ್ ನಗರದ ಪ್ರಸಿದ್ಧ ವೈದ್ಯ ಗಿಸ್ಲೆಯ್ನನು ಇದನ್ನು ಬಲವಾಗಿ ಟೀಕಿಸಿದನು. ಓದುಬರೆಹ ಬಾರದ ರೈತರು ಮನೋರೋಗವನ್ನು ಹೇಗೆ ಬಲ್ಲರು, ವ್ಯವಸ್ಥಿತವಾದ ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆಯು ಗುಡಿಸಲಿನಲ್ಲಿ ದೊರೆತೀತೆ, ಎಂಬುದು ಆಕ್ಷೇಪಿಸುವವರ ವಾದ. ಆದರೂ ೧೮೮೪ರಲ್ಲಿ ಫ್ರೆಂಚ್ ನುಡಿಯ ರೋಗಿಗಳಿಗಾಗಿ ಲಿಯೆರ್ನೋ ಎಂಬಲ್ಲಿ ಬೆಲ್ಜಿಯಂ ಸರಕಾರವು ಇದೇ ಮಾದರಿಯ ಇನ್ನೊಂದು ನೆಲೆಯನ್ನು ತೆರೆಯಿತು. ಅಷ್ಟು ಹೊತ್ತಿಗೆ ಗೇಲ್‌ನ ಹೆಸರು ನೆರೆಯ ದೇಶಗಳ ಸಂಸಾರಗಳಲ್ಲಿಯೂ ಕೇಳಿಬರುತ್ತಿತ್ತು. ಹಾಲೆಂಡಿನಲ್ಲಿ ಪಾದ್ರಿಯೊಬ್ಬನು, ಯಾವ ವೃತ್ತಿಯಲ್ಲಿಯೂ ನೆಲೆಗೊಳ್ಳದೆ ಅಲೆಯುತ್ತಿದ್ದ ತನ್ನ ಹಿರಿಯ ಮಗನನ್ನು ೧೮೮೦ರ ಸುಮಾರಿಗೆ ಗೇಲ್‌ಗೆ ಕಳುಹಿಸಲು ಯೋಚಿಸಿದನು. ಮಗನು ಒಪ್ಪದಿದ್ದುದರಿಂದ ಆ ಯೋಚನೆಯು ನಿಂತಿತು. ಆ ಮಗನೇ ಮುಂದೆ ಲೋಕಪ್ರಸಿದ್ಧ ಚಿತ್ರಕಾರನಾದ ವಿನ್ಸೆಂಟ್ ವ್ಯಾನ್ ಗೋ.

ಗೇಲ್‌ನ ಜನರು ತಮ್ಮಲ್ಲಿರುವವರನ್ನು ರೋಗಿಗಳೆಂದು ಕರೆಯುವುದಿಲ್ಲ. ಅವರ ನುಡಿಯಲ್ಲಿ ಬಳಕೆಯಲ್ಲಿರುವುದು ‘ಕೋಸ್ಟ್‌ಗಾಂಗರ್’ ಎಂಬ ಮಾತು. ಹಣಕ್ಕೆ ಮನೆಯಲ್ಲಿ ಉಂಡುಕೊಂಡಿರುವವನು ಎಂದಿಷ್ಟೇ ಅದರ ಅರ್ಥ. ರೋಗದ ಸುಳಿವು ಆ ಹೆಸರಿನಲ್ಲಿಲ್ಲ. ಹೊಸಬನನ್ನು ಒಪ್ಪಿಸುವಾಗ ಅವನ ಕಾಯಿಲೆಯ ಹೆಸರನ್ನು ಮನೆಯವರಿಗೆ ತಿಳಿಸುವ ವಾಡಿಕೆಯೂ ಇಲ್ಲ. ಅವನಿಗೆ ಏನು ಬೇಕು, ಏನಾದರೆ ಕಳವಳಗೊಳ್ಳುತ್ತಾನೆ, ಇವಿಷ್ಟನ್ನು ಹೇಳುವರು. ಅವನಿಗೆ ಮಲಗಲು ಕೋಣೆಯುಂಟು; ಮನೆಯವರು ಉಣ್ಣುವ ಮೇಜಿನಲ್ಲಿಯೇ ಅವನಿಗೂ ಊಟ; ಕೈಲಾದ ಮಟ್ಟಿಗೆ ಕೆಲಸ. ಒಬ್ಬನು ಹಸುಗಳನ್ನು ನೋಡಿಕೊಂಡನು, ಮತ್ತೊಬ್ಬನು ಆಲೂಗಡ್ಡೆ ಅಗೆದನು, ಹೆಂಗಸೊಬ್ಬಳು ತೊಟ್ಟಿಲು ತೂಗಿದಳು. ಅವಳು ತೂಗಿದ ಮಗುವು ಬೆಳೆದು ಮನೆಯ ಯಜಮಾನನಾದಾಗ, ಮುಪ್ಪಿನವಳಾದ ಅವಳನ್ನು ನೋಡಿಕೊಳ್ಳುವ ಭಾರ ಅವನಿಗೆ ಬಂದಿತು. ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಒಂದೇ ಮನೆಯಲ್ಲಿ ಬಾಳಿದವರು ಅಲ್ಲಿ ಅಪರೂಪವಲ್ಲ. ಅರ್ಧ ಶತಮಾನವನ್ನು ಕಳೆದವರೂ ಇದ್ದಾರೆ.

ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದ ಲಿಯೋ ಸ್ರೋಲ್ ಎಂಬ ಸಮಾಜಶಾಸ್ತ್ರಜ್ಞನು ೧೯೬೬ರಲ್ಲಿ ಗೇಲ್‌ನ ಬಗೆಗೆ ವಿಸ್ತಾರವಾದ ಸಂಶೋಧನೆಯನ್ನು ಆರಂಭಿಸಿದನು. ಅದರಲ್ಲಿ ಪಾಲುಗೊಂಡ ಮಾನವಶಾಸ್ತ್ರಜ್ಞ ಯುಗೇನ್ ರೋಸೆನ್ಸ್ ೧೯೭೯ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಆ ದಶಕದಲ್ಲಿ ಅಧ್ಯಯನಕ್ಕೆಂದು ಅಲ್ಲಿಗೆ ಹೋಗಿದ್ದ ಎಲ್ಲೆನ್ ಬ್ಯಾಕ್ಸ್‌ಟರ್ ಎಂಬ ಅಮೆರಿಕದ ಮಹಿಳೆಯು ಹೇಳಿದ ಪ್ರಸಂಗವೊಂದು ಈ ಊರಿನ ಮನೋಧರ್ಮಕ್ಕೆ ಕನ್ನಡಿಯಂತಿದೆ. ಒಂದು ಮನೆಯಲ್ಲಿದ್ದವನು ದಿನವೂ ತನ್ನ ಅಂಗಿಯ ಗುಂಡಿಗಳನ್ನು ತಿರುಚಿ ತಿರುಚಿ ಕಿತ್ತುಹಾಕುತ್ತಿದ್ದನು. ಮನೆಯಾಕೆಯು ದಿನವೂ ರಾತ್ರಿ ಕುಳಿತು ಅವನ್ನು ಮತ್ತೆ ಹೊಲಿಯುತ್ತಿದ್ದಳು. ಮೀನು ಹಿಡಿಯುವ ಗಟ್ಟಿ ದಾರದಿಂದ ಹೊಲಿದರೆ ಅವನಿಂದ ಕೀಳಲಾಗದಲ್ಲವೆ ಎಂದು ಬ್ಯಾಕ್ಸ್‌ಟರ್ ಸೂಚಿಸಿದಳು. ಅದಕ್ಕಿಂತ ಕೆಟ್ಟ ಉಪಾಯ ಬೇರೊಂದಿಲ್ಲವೆಂದೂ, ಗುಂಡಿಗಳನ್ನು ಕೀಳುವುದು ಅವನಿಗೆ ಬೇಕಾಗಿದೆಯೆಂದೂ ಮನೆಯಾಕೆಯು ಉತ್ತರವಿತ್ತಳು. ಮತ್ತೊಂದು ಮನೆಯಲ್ಲಿ, ಗೋಡೆಯಿಂದ ಸಿಂಹಗಳು ಹೊರಬರುತ್ತಿವೆಯೆಂದು ಒಬ್ಬನು ಬೆದರಿದಾಗ, ಮನೆಯಾಕೆಯು ಆ ಸಿಂಹಗಳನ್ನು ಓಡಿಸುವಂತೆ ನಟಿಸುವಳು. ಅವನ ಭಯವು ಅಡಗುವುದು. ಸಿಂಹಗಳು ಇಲ್ಲವೆಂದು ಸಾಧಿಸಲು ಅವಳು ವಾದಕ್ಕೆ ಇಳಿಯಲಿಲ್ಲ.

ಈ ಎರಡು ಸಣ್ಣ ಪ್ರಸಂಗಗಳಲ್ಲಿ ದೊಡ್ಡ ತತ್ತ್ವವೊಂದು ಅಡಗಿದೆ. ಪ್ರೀತಿಯು ಸಾಮಾನ್ಯವಾಗಿ ತಾನು ಪ್ರೀತಿಸುವವನನ್ನು ತಿದ್ದಲು ಆತುರಪಡುತ್ತದೆ. ತಾಯಿಗೆ ಮಗನು ಮೊದಲಿನಂತಾಗಬೇಕು. ಹೆಂಡತಿಗೆ ಗಂಡನು ನಾಲ್ವರಂತಾಗಬೇಕು. ಈ ಆಸೆಯು ಸಹಜವಾದುದು, ದೂಷ್ಯವಲ್ಲ. ಆದರೆ ಪ್ರತಿದಿನವೂ ಕಣ್ಣೆದುರಿಗಿರುವ ಆ ಆಸೆಯೇ ರೋಗಿಗೆ ಪ್ರತಿದಿನದ ಸೋಲಾಗಿ ತೋರಬಹುದು. ಗೇಲ್‌ನ ಗೃಹಿಣಿಗೆ ತನ್ನ ಮನೆಗೆ ಬಂದವನ ಹಿಂದಿನ ರೂಪವು ತಿಳಿಯದು; ಅವನು ಏನಾಗಬೇಕಾಗಿತ್ತೆಂಬ ಲೆಕ್ಕವು ಅವಳಲ್ಲಿಲ್ಲ. ಇಂದು ಇರುವವನಿಗೆ ಇಂದು ಅನ್ನವಿಕ್ಕುವಳು, ಹರಿದುದನ್ನು ಹೊಲಿದುಕೊಡುವಳು.

ಈ ಮಾತಿಗೆ ಶಾಸ್ತ್ರದ ಬೆಂಬಲವೂ ದೊರೆತಿದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞನೂ ಅವನ ಸಂಗಡಿಗರೂ ಆಸ್ಪತ್ರೆಯಿಂದ ಬಿಡುಗಡೆ ಹೊಂದಿದ ರೋಗಿಗಳ ಸ್ಥಿತಿಯನ್ನು ಪರಿಶೀಲಿಸಿ ೧೯೫೮ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ತಂದೆತಾಯಿಗಳ ಅಥವಾ ಪತ್ನಿಯ ಬಳಿಗೆ ಹೋದವರಿಗಿಂತ, ಒಡಹುಟ್ಟಿದವರ ಮನೆಗೋ ಬಾಡಿಗೆಯ ವಸತಿಗೋ ಹೋದವರು ಹೆಚ್ಚು ಸ್ವಸ್ಥರಾಗಿ ಉಳಿದಿದ್ದರು. ಇದರ ಕಾರಣವನ್ನು ಅರಸುತ್ತ ಹೋದ ಬ್ರೌನನು ೧೯೭೨ರಲ್ಲಿ ಇನ್ನೊಂದು ವಿಚಾರವನ್ನು ಹೊರಗೆಡಹಿದನು: ಎಡೆಬಿಡದ ಟೀಕೆ, ಹಗೆತನ, ಅತಿಯಾದ ಹಚ್ಚಿಕೊಳ್ಳುವಿಕೆ, ಇವು ಇರುವ ಮನೆಗಳಲ್ಲಿ ರೋಗವು ಮರುಕಳಿಸುವುದು ಹೆಚ್ಚು, ಶಾಂತವಾದ ಮನೆಗಳಲ್ಲಿ ಅದು ಕಡಿಮೆ. ಸಂಬಂಧವು ಹತ್ತಿರದ್ದೋ ದೂರದ್ದೋ ಎಂಬುದಕ್ಕಿಂತಲೂ ಅದರ ಉಸಿರು ಹೇಗಿದೆಯೆಂಬುದು ಮುಖ್ಯವೆಂದು ಇದರಿಂದ ವಿದಿತವಾಗುತ್ತದೆ. ಓದುಬರೆಹವಿಲ್ಲದವರೆಂದು ಟೀಕೆಗೆ ಗುರಿಯಾದ ರೈತರು ಈ ಸಂಗತಿಯನ್ನು ನಾಲ್ಕೈದು ತಲೆಮಾರುಗಳ ಮೊದಲೇ ಬಾಳಿ ಅರಿತುಕೊಂಡಿದ್ದರು.

ಗೇಲ್‌ನ ಪದ್ಧತಿಯು ೧೯೩೮ರಲ್ಲಿ ತನ್ನ ತುತ್ತತುದಿಯನ್ನು ಮುಟ್ಟಿತು. ಆಗ ಅಲ್ಲಿಯ ಮನೆಗಳಲ್ಲಿ ಸುಮಾರು ೩,೭೦೦ ಜನ ಆಶ್ರಿತರಿದ್ದರು. ಅದಾದ ಎರಡೇ ವರ್ಷಗಳಲ್ಲಿ, ನೆರೆಯ ಜರ್ಮನಿಯಲ್ಲಿ ನಾಜಿ ಸರಕಾರವು ಚಿತ್ತರೋಗಿಗಳನ್ನೂ ಅಂಗವಿಕಲರನ್ನೂ ನಿರುಪಯೋಗಿಗಳೆಂದು ಬಗೆದು, ೧೯೪೦-೪೧ರ ಅವಧಿಯಲ್ಲಿ ೭೦,೦೦೦ಕ್ಕೂ ಹೆಚ್ಚು ಮಂದಿಯನ್ನು ವಿಷವಾಯುವಿನಿಂದ ಕೊಲ್ಲಿಸಿತು. ಆ ಹತ್ಯೆಯ ಪಟ್ಟಿಗಳನ್ನು ಸಿದ್ಧಪಡಿಸಿದವರಲ್ಲಿ ಪಂಡಿತರಾದ ವೈದ್ಯರೂ ಇದ್ದರು. ಒಂದೇ ಖಂಡ, ಒಂದೇ ಕಾಲ. ಒಂದು ಕಡೆ ಮನುಷ್ಯನ ಬೆಲೆಯನ್ನು ಕಾಗದದ ಮೇಲೆ ಕಟ್ಟಿದರು, ಇನ್ನೊಂದು ಕಡೆ ಅವನನ್ನು ಊಟಕ್ಕೆ ಕೂಗಿ ಕರೆದರು. ಯಾರೊಡನೆ ದಿನವೂ ಅನ್ನವನ್ನು ಹಂಚಿಕೊಳ್ಳುತ್ತೇವೆಯೋ ಅವನನ್ನು ಒಂದು ಅಂಕೆಯೆಂದು ಎಣಿಸುವುದು ಸುಲಭವಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಗೇಲ್‌ನ ಆಶ್ರಿತರ ಸಂಖ್ಯೆಯು ಇಳಿಯುತ್ತ ಬಂದಿತು. ೧೯೫೦ರ ದಶಕದಿಂದ ಮನೋರೋಗಕ್ಕೆ ಹೊಸ ಔಷಧಗಳು ಬಂದವು. ಹೊಲದ ಕೆಲಸಕ್ಕೆ ಯಂತ್ರಗಳು ಬಂದುದರಿಂದ ಎರಡು ಕೈಗಳ ನೆರವು ಬೇಡವಾಯಿತು; ಹೆಂಗಸರು ಹೊರಗಿನ ಉದ್ಯೋಗಗಳಿಗೆ ಹೋಗತೊಡಗಿದರು; ಹಗಲೆಲ್ಲ ಮನೆಯಲ್ಲಿ ಒಬ್ಬರಾದರೂ ಇರುವ ಕುಟುಂಬಗಳು ಕಡಿಮೆಯಾದವು. ೨೧ನೆಯ ಶತಮಾನದ ಆರಂಭದಲ್ಲಿ ಸುಮಾರು ಐದು ನೂರು ಆಶ್ರಿತರಿದ್ದರು. ಅನಂತರ ಆ ಸಂಖ್ಯೆಯು ಇನ್ನೂ ತಗ್ಗಿದೆ. ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪದ್ಧತಿಯನ್ನು ಜೀವಂತ ಪರಂಪರೆಯ ಉತ್ತಮ ಸಂರಕ್ಷಣೆಗಳ ಪಟ್ಟಿಯಲ್ಲಿ ಸೇರಿಸಿ ಗೌರವಿಸಿತು. ಗೌರವವು ಸಂದಿತು, ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುವುದಿಲ್ಲವೆಂಬುದನ್ನು ಗೇಲ್‌ನವರೂ ಬಲ್ಲರು.

ಕನ್ನಡ ನಾಡಿಗೂ ಈ ವಿಷಯವು ಅಪರಿಚಿತವಲ್ಲ. ಭೂತಬಾಧೆಯೆಂದು ನಂಬಿ ಚಿತ್ತ ಕೆಟ್ಟವರನ್ನು ಗಾಣಗಾಪುರದ ದತ್ತ ಸನ್ನಿಧಿಗೆ ಕರೆತಂದು ಸೇವೆಗೆ ನಿಲ್ಲಿಸುವುದು ಬಹುಕಾಲದಿಂದ ನಡೆದುಬಂದಿದೆ. ಬೆಂಗಳೂರಿನಲ್ಲಿ ೧೮೪೭ರಲ್ಲಿ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಸಂಸ್ಥೆಯ ನೆಲೆಯ ಮೇಲೆ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಏರ್ಪಟ್ಟು, ೧೯೭೪ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಆಸ್ಪತ್ರೆಯ ಗೋಡೆಯೊಳಕ್ಕೆ ಕುಟುಂಬವನ್ನು ಕರೆತಂದ ಪ್ರಯೋಗವೂ ಭಾರತದಲ್ಲಿ ನಡೆದಿದೆ. ೧೯೫೦ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು, ಸ್ಥಳವಿಲ್ಲದಾಗ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯೊಡನೆ ಅವನ ಮನೆಯವರನ್ನೂ ಅಲ್ಲಿಯೇ ಇರಿಸಿಕೊಂಡರು. ಬಂಧುಗಳು ರೋಗವನ್ನು ಹತ್ತಿರದಿಂದ ಕಂಡು ಅದರ ಭಯವನ್ನು ಬಿಟ್ಟರು. ರೋಗಿಯು ಕೈಬಿಟ್ಟವನಾಗದೆ ಮನೆಗೆ ಮರಳಿದನು. ಬಳಿಕ ವೆಲ್ಲೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕುಟುಂಬವನ್ನು ಸೇರಿಸಿಕೊಂಡ ಚಿಕಿತ್ಸೆಯು ಬೆಳೆಯಿತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯು, ಸಮಾಜದ ನಡುವೆ ಬಾಳುವುದು ಮನೋರೋಗಿಯ ಹಕ್ಕೆಂದು ಸಾರಿದೆ.

ಹಕ್ಕನ್ನು ಕಾಯಿದೆಯು ಕೊಡಬಲ್ಲದು. ಪಕ್ಕದಲ್ಲಿ ಎಲೆ ಹಾಕಿ ಬಡಿಸುವ ಕೈಯನ್ನು ಕಾಯಿದೆಯು ಕೊಡಲಾರದು. ಹಿಂದೆ ಮೈಸೂರು, ಧಾರವಾಡ ಸೀಮೆಗಳಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ಏಳು ಮನೆಗಳ ಅನ್ನದಿಂದ ಒಬ್ಬನ ವಿದ್ಯೆ. ಆ ಪದ್ಧತಿಗೆ ಜಾತಿಯ ಎಲ್ಲೆಯಿದ್ದಿತೆಂಬುದನ್ನೂ, ಕೆಲವು ಮನೆಗಳಲ್ಲಿ ಅನ್ನದೊಡನೆ ಅವಮಾನವೂ ಬಡಿಸಲ್ಪಟ್ಟಿತೆಂಬುದನ್ನೂ ಮರೆಯಬಾರದು. ಆದರೂ ಅನ್ನವಿಟ್ಟ ತಾಯಿಯ ಹೆಸರನ್ನು ಮುಪ್ಪಿನವರೆಗೆ ನೆನೆದವರು ಅನೇಕರು. ಗೇಲ್‌ನ ಚರಿತ್ರೆಯಲ್ಲಿಯೂ ಇಂತಹುದೇ ಬೆಳಕು ನೆರಳುಗಳಿವೆ. ಅಲ್ಲಿಯೂ ಲಾಭದ ಆಸೆಯಿತ್ತು, ಕೋಳವಿತ್ತು. ಆಶ್ರಿತನು ಪೂರ್ತಿಯಾಗಿ ಸರಿಸಮನೆನಿಸಿದನೆಂದು ಹೇಳುವುದೂ ಕಷ್ಟ. ಆದರೆ ಒಂದೇ ಸೂರಿನ ಸಹವಾಸವು, ಮಾಡಲೊಂದು ಕೆಲಸವು, ತಿದ್ದುವ ಆತುರವಿಲ್ಲದ ತಾಳ್ಮೆಯು, ಇವು ಮೂರೂ ಕೂಡಿದ ಕಡೆ ಕಬ್ಬಿಣದ ಕಟ್ಟುಗಳು ಸಡಿಲಿದವು, ಪರಕೀಯರು ಮನೆಯವರಾದರು.

ಈ ಪ್ರಯೋಜನವು ರೋಗಿಗಳಿಗಷ್ಟೇ ಸಂದಿತೆಂದು ಭಾವಿಸಬಾರದು. ತೊಟ್ಟಿಲಿನಿಂದಲೇ ಅಂತಹವರ ನಡುವೆ ಬೆಳೆದ ಗೇಲ್‌ನ ಮಕ್ಕಳಿಗೆ ವಿಚಿತ್ರವಾಗಿ ವರ್ತಿಸುವ ಮನುಷ್ಯನನ್ನು ಕಂಡರೆ ಹೆದರಿಕೆಯಿಲ್ಲ; ನಗೆಯೂ ಇಲ್ಲ. ಮನುಷ್ಯರಲ್ಲಿ ಇಂತಹವರೂ ಇರುತ್ತಾರೆಂದು ಅವರು ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿಯುತ್ತಾರೆ. ಕಾಯಿಲೆ ಬಿದ್ದ ಬಂಧುವನ್ನು ನೆರೆಯವರ ಕಣ್ಣಿಗೆ ಮರೆಮಾಡಿ, ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟು, ತಾವೂ ಒಳಗೊಳಗೇ ಬೇಯುವ ಸಂಸಾರಗಳು ಇನ್ನೂ ಊರೂರಿನಲ್ಲಿ ಇವೆ. ಅವುಗಳಿಗೆ ಗೇಲ್‌ನ ಗೃಹಿಣಿಯ ಉಪದೇಶವೇನೂ ಇಲ್ಲ, ಅವಳ ನಡತೆಯಿದೆ. ಕಿತ್ತುಹೋದ ಗುಂಡಿಯನ್ನು ಹೊಲಿದುಕೊಡಬೇಕು. ನಾಳೆ ಅದು ಮತ್ತೆ ಕಿತ್ತುಹೋಗುವುದೆಂದು ತಿಳಿದೂ ಹೊಲಿದುಕೊಡಬೇಕು. ಹಿಂದಿನ ಜನ್ಮದ ಋಣವೆಂದು ಹಿರಿಯರು ಕರೆದುದು ಬಹುಶಃ ಹೀಗೆ ಈ ಜನ್ಮದಲ್ಲಿಯೇ, ರಾತ್ರಿಗೊಂದು ಹೊಲಿಗೆಯಂತೆ, ಕೂಡಿಬರುತ್ತದೆ.